ಇಪ್ಪತ್ತನೇ ಪಿನ್ನು

ಹಾಲೇಶಪ್ಪಗ ಕಂಪ್ಯೂಟರ್ ಬರ್ತಿತ್ತು, ಮಾತು ಬರ್ತಿದ್ದಿಲ್ಲ. ಮೂಕ ಅಲ್ರಿ ಮತ್ತ, ತಪ್ಪು ತಿಳಕೋಬ್ಯಾಡ್ರಿ. ಚಾದಂಗಡ್ಯಾಗ ಕುಂತ್ರ ಅಂವನ ಬಾಯಿ ಮುಚ್ಚಸಾಕ ಇಬ್ಬರು ಬೇಕಾಗ್ತಿದ್ರು. ಆದ್ರ ಆಡಬೇಕಾದ ಒಂದು ಮಾತು ಆಡಬೇಕಾದ ಹೊತ್ತಿನ್ಯಾಗ ಅಂವನ ಗಂಟಲದಾಗ ಸಿಕ್ಕೊಂಡು ಬಿಡ್ತು. ಅದೂ ಒಂದು ಸಲ ಅಲ್ಲ, ಮೂರು ಸಲ. ಅದನ್ನ ನೆನಸಿಕೊಂಡ್ರ ಇವತ್ತಿಗೂ ಅಂವಗ ಕೈಯಾಗಿನ ತುತ್ತು ಬಾಯಿಗೆ ಹೋಗೂದಿಲ್ಲ.

ತೊಂಬತ್ನಾಕನೇ ಇಸವಿ. ರಾಣೆಬೆನ್ನೂರಿನ ಹಲಗೇರಿ ರಸ್ತೆದಾಗ ಒಂದು ಬೀಜದ ಕಂಪನಿಯ ಆಫೀಸಿತ್ತು. ಅಲ್ಲಿ ಇದ್ದದ್ದು ಒಂದ ಕಂಪ್ಯೂಟರು, ಒಂದ ಫೋನು. ಮೇಡ್ಲೇರಿಯ ಹಾಲೇಶಪ್ಪ ದಾವಣಗೆರಿಯೊಳಗ ಆರು ತಿಂಗಳು ಕಂಪ್ಯೂಟರ್ ಕಲತು ಬಂದು ಅಲ್ಲಿ ನೌಕರಿ ಹಿಡಿದಿದ್ದ. ದಿನಾ ಸಂಜಿಕ ಗೋದಾಮಿನ್ಯಾಗ ಎಷ್ಟು ಚೀಲ ಹತ್ತಿಬೀಜ ಅದ, ಎಷ್ಟು ಮೆಣಸಿನಬೀಜ ಅದ ಅನ್ನೂ ಪಟ್ಟಿನ್ನ ಫೋನಿನ ತಂತಿ ಮ್ಯಾಲೆ ಹುಬ್ಬಳ್ಳಿ ಆಫೀಸಿಗೆ ಕಳಸೂದು ಅಂವನ ಕೆಲಸ. ಅದಕ್ಕ ಮಾಡೆಮ್ ಅಂತ ಒಂದು ಚಪ್ಪಟಿ ಡಬ್ಬಿ ಇತ್ತು, ಮುಂದ ಸಾಲಾಗಿ ಕೆಂಪು ದೀಪ. ಕಂಪ್ಯೂಟರ್ ಹೇಳಿದ ನಂಬರನ್ನ ಅದು ತಾನ ತಿರುಗಿಸಿ, ಆ ಕಡಿಯ ಡಬ್ಬಿ ಜೋಡಿ ಮಾತಾಡ್ತಿತ್ತು.

ಕಂಪ್ಯೂಟರಿಗೂ ಡಬ್ಬಿಗೂ ನಡುವ ಒಂದು ದಪ್ಪ ಕೇಬಲ್ಲು, ಅದರ ತುದಿಗೆ ಇಪ್ಪತ್ತೈದು ಪಿನ್ನು. ಜೋಡಿಸಾಕ ಬಂದಿದ್ದ ಬೆಂಗಳೂರಿನ ಇಂಜಿನಿಯರು ಒಂದೊಂದ ಪಿನ್ನು ತೋರಿಸಿ ಪಾಠ ಮಾಡಿ ಹೋಗಿದ್ದ. ಹಾಲೇಶಪ್ಪನ ತಲ್ಯಾಗ ಉಳದದ್ದು ಇಪ್ಪತ್ತನೇದು. ಅದರಾಗ ಕರೆಂಟು ಇರೋತನಕ ಕಂಪ್ಯೂಟರು ಡಬ್ಬಿಗೆ ‘ನಾ ಇದ್ದೇನಿ, ನಾ ಇದ್ದೇನಿ’ ಅಂತ ಹೇಳ್ತಿರ್ತದಂತ. ಆ ಕರೆಂಟು ಬಿತ್ತೋ, ಕಂಪ್ಯೂಟರ್ ಹೋತು ಅಂತ ತಿಳಕೊಂಡು ಡಬ್ಬಿ ಫೋನ್ ಇಟ್ಟುಬಿಡ್ತದ.

ಪೀಕಲಾಟ ಶುರುವಾದದ್ದು ಅಲ್ಲೇ. ನಂಬರ್ ತಿರುಗಿಸೂ ಪ್ರೋಗ್ರಾಮ್ ಒಂದು, ಪಟ್ಟಿ ಕಳಸೂ ಪ್ರೋಗ್ರಾಮ್ ಇನ್ನೊಂದು. ಒಂದರ ಕೈಯಿಂದ ಇನ್ನೊಂದರ ಕೈಗೆ ಲೈನು ಹೋಗೂವಾಗ ಇಪ್ಪತ್ತನೇ ಪಿನ್ನಿನ ಕರೆಂಟು ಒಂದು ಕಣ್ಣ ಮುಚ್ಚಿ ತೆಗಿಯೂವಷ್ಟು ಬೀಳ್ತಿತ್ತು. ಡಬ್ಬಿ ಟಕ್ ಅಂತ ಫೋನ್ ಇಡ್ತಿತ್ತು. ಮತ್ತ ತಿರುಗಿಸು, ಮತ್ತ ಇಡು. ಸಂಜಿ ಆರಕ್ಕ ಹಚ್ಚಿದ್ದು ಎಂಟಾದ್ರೂ ಮುಗೀತಿದ್ದಿಲ್ಲ. ಇಂಜಿನಿಯರಿಗೆ ಫೋನ್ ಮಾಡಿ ಕೇಳಿದ್ರ, ಪ್ರೋಗ್ರಾಮಿನ್ಯಾಗ ಎರಡು ಸಾಲು ಸೇರಿಸು, ಕೆಲಸ ಮುಗಿಯೋತನಕ ಆ ಪಿನ್ನು ಎತ್ತಿ ಹಿಡಿ, ಮುಗದ ಮ್ಯಾಲೆ ಬೀಳಿಸು, ಹೆಂಗಂತ ಪುಸ್ತಕ ಕಳಸ್ತೇನಿ ಅಂದ.

ಪುಸ್ತಕದ ದಾರಿ ಯಾವಂವ ಕಾಯ್ತಾನ? ಹಾಲೇಶಪ್ಪ ರೇಡಿಯೋ ರಿಪೇರಿಯಂವನ ಕಡಿಂದ ತಂತಿ ಕಾಯಿಸಿ ಬೆಸಿಯೂ ಕಡ್ಡಿ ತಂದ, ಡಬ್ಬಿಯ ಕಡಿ ಇದ್ದ ಕೇಬಲ್ಲಿನ ತುದಿ ಬಿಚ್ಚಿದ, ಇಪ್ಪತ್ತನೇ ಪಿನ್ನಿನ ಹಳೇ ತಂತಿ ಬಿಡಿಸಿ, ಅದಕ್ಕೂ ಆರನೇ ಪಿನ್ನಿಗೂ ಒಂದು ಬೆರಳುದ್ದದ ತಂತಿ ಬೆಸೆದುಬಿಟ್ಟ. ಆರನೇದು ಡಬ್ಬಿ ತಾನು ಜೀವಂತ ಇದ್ದೇನಿ ಅಂತ ಹೇಳೂ ಪಿನ್ನು. ಈಗ ಡಬ್ಬಿ ತಾನ ಹೇಳಿದ್ದನ್ನ ತಾನ ಕೇಳಿಸಿಕೊಂಡು, ಕಂಪ್ಯೂಟರ್ ಇಲ್ಲೇ ಅದ ಅಂತ ನಂಬಿ ಕುಂತುಕೊಳ್ತು. ಮೊದಲನೇ ಸಲಕ್ಕ ಪಟ್ಟಿ ಸರಾಗ ಹೋತು. ಮ್ಯಾನೇಜರ್ ಗುಡದಪ್ಪನವರು ಎಲ್ಲಾರನೂ ಕರದು, ಬೆಂಗಳೂರಿನವರ ಕೈಲೆ ಆಗದ್ದು ನಮ್ಮ ಮೇಡ್ಲೇರಿಯಂವ ಮಾಡಿ ತೋರಿಸಿದ ಅಂತ ಹೊಗಳಿ ಚಾ ಕುಡಿಸಿದ್ರು. ಹಾಲೇಶಪ್ಪ ಎಂಟು ದಿನ ನೆಲದ ಮ್ಯಾಲೆ ಕಾಲು ಇಡಲಿಲ್ಲ.

ಅದರಾಗ ಒಂದು ಐಬು ಉಳಿದಿತ್ತು, ಅದು ಅಂವಗೊಬ್ಬಗ ಗೊತ್ತಿತ್ತು. ಕೆಲಸ ಪೂರಾ ಮುಗದ್ರ ಪ್ರೋಗ್ರಾಮು ಡಬ್ಬಿಗೆ ಫೋನ್ ಇಡು ಅಂತ ಹೇಳ್ತಿತ್ತು, ಅದು ಇಡ್ತಿತ್ತು. ನಡುವ ಸಿಕ್ಕೊಂಡ್ರ ಮಾತ್ರ ಕಂಪ್ಯೂಟರ್ ಆರಿಸಿದ್ರೂ ಡಬ್ಬಿ ಲೈನು ಬಿಡ್ತಿದ್ದಿಲ್ಲ. ಹಿಂದಿನ ಗುಂಡಿ ಕೈಲೆ ಒತ್ತಿ ಡಬ್ಬಿನೂ ಆರಿಸಬೇಕು. ನೆನಪಿಟ್ಟು ಒತ್ತಿದ್ರಾತು ಅಂತ ಹಾಲೇಶಪ್ಪ ಯಾರಿಗೂ ಹೇಳಲಿಲ್ಲ. ಹೊಗಳಿಸಿಕೊಂಡ ಬಾಯಿಲೆ ಐಬು ಹೇಳಾಕ ಯಾರಿಗೆ ಮನಸಾಗ್ತದ ಹೇಳ್ರಿ.

ಅದೇ ಆಫೀಸಿನ್ಯಾಗ ರಹಿಮಾನಸಾಬ ಅಂತ ಪ್ಯೂನ್ ಇದ್ದ. ಐವತ್ತಾರು ದಾಟಿತ್ತು, ಗಡ್ಡ ಅರ್ಧ ಬೆಳ್ಳಗಾಗಿತ್ತು. ಬಾಗಿಲ ತೆಗಿಯಾಂವ, ಕಸ ಹೊಡಿಯಾಂವ, ಚಾ ತರಾಂವ ಎಲ್ಲಾ ಅಂವನ. ಕಂಪ್ಯೂಟರಿಗೆ ಧೂಳ ಕುಂದ್ರಬಾರದಂತ ಅಂವನ ಹೆಂಡತಿ ಕುಲ್ಸುಮಬಿ ನೀಲಿ ಬಟ್ಟಿಯ ಒಂದು ಗವಸು ಹೊಲಿದು ಕೊಟ್ಟಿದ್ಲು, ಅಂಚಿಗೆ ನೆರಿಗಿ ನೆರಿಗಿ ಝಾಲರು ಬ್ಯಾರೆ. ಕಂಪ್ಯೂಟರ್ ಆರಿಸಿದ ಕೂಡಲೆ ಅದನ್ನ ಹೊಚ್ಚೂದು ಅಂದ್ರ ರಹಿಮಾನಸಾಬಗ ಕೂಸಿಗೆ ಹೊದಿಸಿದಷ್ಟು ಅಕ್ಕರೆ.

ಅಂವಗ ಇನ್ನೊಂದು ಕೆಲಸಾನೂ ಇತ್ತು. ಯಾವುದರ ಊರಾಗ ಬೀಜ ಹುಟ್ಟಲಿಲ್ಲ ಅಂದ್ರ ಅವತ್ತು ರೈತರ ಫೋನಿಗೆ ಬಿಡುವು ಇರ್ತಿದ್ದಿಲ್ಲ. ಗುಡದಪ್ಪನವರು ಕಣ್ಣಿಲೆ ಸನ್ನಿ ಮಾಡ್ತಿದ್ರು. ರಹಿಮಾನಸಾಬ ರಿಸೀವರ್ ಎತ್ತಿ, ಮೇಜಿನ ಮ್ಯಾಲೆ ಟವೆಲ್ ಹಾಸಿ, ಅದರ ಮ್ಯಾಲೆ ಮೆತ್ತಗ ಇಡ್ತಿದ್ದ. ಆ ಕಡಿಯವರಿಗೆ ದಿನವಿಡೀ ಎಂಗೇಜು. ಮನಿಗೆ ಹೋಗಿ, ‘ಇವತ್ತು ಫೋನ್ ಮಲಗಿಸಿ ಬಂದೆ’ ಅಂತ ನಗ್ತಿದ್ದ. ಹೆಂಡತಿ ನಗ್ತಿದ್ಲು, ಒಬ್ಬಾಕಿ ಮಗಳು ಮಹಮೂದಾಬೇಗಂ ಅಂತೂ ಬಿದ್ದ ಬಿದ್ದ ನಗ್ತಿದ್ಲು. ಯಾರ ಜೋಡಿಗಾದ್ರೂ ಮಾತು ಬ್ಯಾಡಾದ್ರ ಆ ಮನ್ಯಾಗ ಫೋನ್ ಮಲಗಿಸೂದು ಅಂತನ ಅನ್ನಾಕ ಶುರು ಮಾಡಿದ್ರು.

ಆ ಮಗಳನ್ನ ಮನ್ಯಾಗ ಮುನ್ನಿ ಅಂತಿದ್ರು. ಹರಿಹರದ ಒಂದು ಮನಿಗೆ ರಹಿಮಾನಸಾಬ ಆಕಿನ್ನ ಕೊಡ್ತೇನಂತ ಮಾತು ಕೊಟ್ಟಿದ್ದ. ಆಕಿ ಒಲ್ಲೆ ಅಂದು, ಬ್ಯಾಡಗಿಯೊಳಗ ಮೋಟರಿಗೆ ತಂತಿ ಸುತ್ತೂ ಕೆಲಸದ ಮಕ್ತುಮಸಾಬನ್ನ ಮದುವಿ ಆದ್ಲು. ಕೊಟ್ಟ ಮಾತು ಹೋತಲ್ಲ ಅಂತ ರಹಿಮಾನಸಾಬ ಎರಡು ವರ್ಷ ಮಗಳ ಹೆಸರು ಎತ್ತಲಿಲ್ಲ. ಆಕಿಗೆ ಹೆಣ್ಣು ಕೂಸಾತು, ಅದಕ್ಕೂ ಹೋಗಲಿಲ್ಲ. ಸಿಟ್ಟು ಯಾವಾಗೋ ಕರಗಿತ್ತು, ಖರೇ. ಮೊದಲು ಬಾಯಿ ತೆಗಿಯಾಂವ ಯಾರು ಅನ್ನೂದಷ್ಟ ಉಳಿದಿತ್ತು.

ರಂಜಾನ್ ಹಬ್ಬಕ್ಕ ಎರಡು ವಾರ ಇದ್ದಾಗ ಆ ಬಾಯಿನ್ನ ಮಗಳ ತೆಗೆದ್ಲು. ಬ್ಯಾಡಗಿ ಬಸ್ಸಿನ ಕಂಡಕ್ಟರ್ ಚಾಂದಸಾಬನ ಕೈಯಾಗ ಹೇಳಿ ಕಳಿಸಿದ್ಲು. ಬರೂ ಶುಕ್ರವಾರ ಜುಮ್ಮಾ ನಮಾಜ ಆದ ಮ್ಯಾಲೆ, ಮೂರರಿಂದ ಐದರ ತನಕ ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನ್ ಮಾಡ್ತೇನಿ. ಅಬ್ಬಾ ತಾವ ಎತ್ತಿ ಒಂದು ಸಲ ‘ಮುನ್ನಿ’ ಅಂದ್ರ ಸಾಕು, ಹಬ್ಬಕ್ಕ ಕೂಸಿನ್ನ ಕರಕೊಂಡು ಬರ್ತೇನಿ. ಎತ್ತದಿದ್ರ ಇನ್ನ ನನ್ನ ಕಡಿಂದ ತ್ರಾಸು ಕೊಡೂದಿಲ್ಲ.

ಮೂರನೇ ದಿನ ರಹಿಮಾನಸಾಬ ಹಾಲೇಶಪ್ಪನ ಮೇಜಿನ ಮುಂದ ಬಂದು ನಿಂತು ಎಲ್ಲಾ ಹೇಳಿದ. ಆ ಆಫೀಸಿನ್ಯಾಗ ಅಂವ ಯಾರ ಕಡಿಂದನೂ ಏನೂ ಕೇಳಿದಾಂವ ಅಲ್ಲ.

“ಹಾಲೇಶಿ, ಶುಕ್ರವಾರ ಆ ಎರಡು ತಾಸು ನಿನ್ನ ಡಬ್ಬಿ ಲೈನಿಗೆ ಹಚ್ಚಬ್ಯಾಡಪ್ಪ.”

“ಮೂರರ ಮ್ಯಾಲೆ ಲೈನು ನಿಮ್ದ ಚಾಚಾ,” ಅಂದ ಹಾಲೇಶಪ್ಪ. ಮನಸಿಲೆನ ಅಂದಿದ್ದ, ಅದರಾಗ ಸುಳ್ಳಿಲ್ಲ.

ಶುಕ್ರವಾರ ಬಂತು. ಎರಡು ಗಂಟೆಕ್ಕ ಹುಬ್ಬಳ್ಳಿಯಿಂದ ಪಟ್ಟಿ ಲಗೂ ಬೇಕಂತ ಫೋನ್ ಬಂತು. ಇನ್ನೂ ಒಂದು ತಾಸು ಅದಲ್ಲ ಅಂತ ಹಾಲೇಶಪ್ಪ ಹಚ್ಚಿದ. ಅರ್ಧಕ್ಕ ಹೋಗಿ ಪರದೆ ಗಕ್ಕನ ನಿಂತಿತು. ಹೊರಗ ಗುಡದಪ್ಪನವರ ಜೀಪು ಹಾರ್ನ್ ಹೊಡಿಯಾಕತ್ತಿತ್ತು, ಹಲಗೇರಿಯ ಬೀಜದ ಹೊಲ ನೋಡಾಕ ಇಂವನೂ ಹೋಗೂದಿತ್ತು. ಎರಡನೇ ಹಾರ್ನಿಗೆ ಹಾಲೇಶಪ್ಪ ಕಂಪ್ಯೂಟರ್ ಆರಿಸಿ, ಚಪ್ಪಲಿ ಮೆಟ್ಟಿ ಓಡಿದ. ಡಬ್ಬಿಯ ಹಿಂದಿನ ಗುಂಡಿ ಒತ್ತಲಿಲ್ಲ.

ಬೆಂಗಳೂರಿನಂವ ಹಾಕಿದ್ದು ಹಾಕಿದಂಗ ಇದ್ದಿದ್ರ, ಕಂಪ್ಯೂಟರ್ ಆರಿದ ಕೂಡಲೆ ಇಪ್ಪತ್ತನೇ ಪಿನ್ನು ಬಿದ್ದು ಫೋನು ತಾನ ಇಡ್ತಿತ್ತು. ಈಗ ಡಬ್ಬಿಗೆ ಅದು ತಿಳಿಯೂದರ ಹೆಂಗ? ಆರಿದ ಕಂಪ್ಯೂಟರನ್ನ ಇದ್ದದ್ದ ಅಂತ ನಂಬಿ, ಲೈನು ಹಿಡಕೊಂಡು ಕುಂತಿತು. ಹುಬ್ಬಳ್ಳಿಯ ಡಬ್ಬಿನೂ ಆ ಕಡಿ ಹಿಡಕೊಂಡು ಕುಂತಿತು.

ರಹಿಮಾನಸಾಬ ನಮಾಜು ಮುಗಿಸಿ ಬಂದ. ರೋಜಾ ಇತ್ತು, ನೀರು ಸೈತ ಮುಟ್ಟಿದ್ದಿಲ್ಲ. ಆರಿದ ಕಂಪ್ಯೂಟರ್ ಕಂಡು, ಎಂದಿನಂಗ ಗವಸು ಹೊಚ್ಚಿದ. ಡಬ್ಬಿನೂ ಅದರ ಝಾಲರಿನೊಳಗ ಸೇರಿತು, ಕೆಂಪು ದೀಪ ಕಾಣದಂಗಾತು. ಆಮ್ಯಾಲೆ ಫೋನಿನ ಮುಂದ ಸ್ಟೂಲ್ ಹಾಕ್ಕೊಂಡು, ಎರಡೂ ಕೈ ಮೊಣಕಾಲ ಮ್ಯಾಲೆ ಇಟ್ಟು ಕುಂತ.

ಹಾಲೇಶಪ್ಪ ತಿರುಗಿ ಬಂದಾಗ ಆರಕ್ಕ ಕಾಲು ತಾಸು ಕಮ್ಮಿ. ಗುಡದಪ್ಪನವರು ಹಂಗ ಮನಿಗೆ ಹೋಗಿದ್ರು. ರಹಿಮಾನಸಾಬ ಅದೇ ಸ್ಟೂಲಿನ ಮ್ಯಾಲೆ ಹಂಗ ಕುಂತಿದ್ದ. ಸಂಜಿಮುಂದಿನ ಅಸರ್ ನಮಾಜನ್ನ ಅಲ್ಲೇ ಫೋನಿನ ಮಗ್ಗಲದಾಗ ಟವೆಲ್ ಹಾಸಿ ಮಾಡಿದ್ನಂತ, ಮಸೂತಿಗೆ ಹೋದಾಗ ಫೋನ್ ಬಂದ್ರ ಅಂತ. ಒಮ್ಮೆರ ರಿಸೀವರ್ ಎತ್ತಿ ನೋಡಿದ್ರೇನು ಅಂತ ಹಾಲೇಶಪ್ಪ ಕೇಳಿದ. ನಾ ಎತ್ತಿದ ಹೊತ್ತಿಗೆ ಆಕಿ ಹಚ್ಚಿದ್ರ ಎಂಗೇಜ್ ಬರ್ತದಲ್ಲೋ, ಅದಕ್ಕ ಮುಟ್ಟಲಿಲ್ಲ ಅಂದ ರಹಿಮಾನಸಾಬ.

ಆಗ ಹಾಲೇಶಪ್ಪಗ ಡಬ್ಬಿಯ ಹಿಂದಿನ ಗುಂಡಿ ನೆನಪಾತು. ಗವಸಿನ ಅಂಚು ಎತ್ತಿ ನೋಡಿದ. ಕೆಂಪು ದೀಪ ಎಲ್ಲಾ ನಿಗಿನಿಗಿ ಉರೀತಿದ್ವು. ಡಬ್ಬಿ ಕಾದು ಬಿಸಿಯಾಗಿತ್ತು. ಸಪ್ಪಳಾಗದಂಗ ಕೈ ಹಿಂದಕ್ಕ ಹಾಕಿ ಗುಂಡಿ ಒತ್ತಿದ. ಲೈನು ಬಿಡ್ತು, ಬಿಡೂವಾಗ ಫೋನಿನ ಗಂಟಿ ಅರ್ಧಂಬರ್ಧ ‘ಟಿಣ್’ ಅಂತು.

ರಹಿಮಾನಸಾಬ ಎದ್ದ ರಭಸಕ್ಕ ಸ್ಟೂಲು ಉರುಳಿತು. ಎರಡೂ ಕೈಲೆ ರಿಸೀವರ್ ಎತ್ತಿ ಕಿವಿಗೆ ಒತ್ತಿಕೊಂಡು, “ಹಲೋ… ಮುನ್ನಿ?” ಅಂದ.

ಆ ಕಡಿ ಯಾರೂ ಇದ್ದಿಲ್ಲ. ಬರೇ ಡಯಲ್ ಟೋನು ಗುಂಯ್ ಅನ್ನಾಕತ್ತಿತ್ತು. ಅಂವ ಇನ್ನೊಮ್ಮೆ ‘ಮುನ್ನಿ’ ಅಂದ. ಆಮ್ಯಾಲೆ ರಿಸೀವರನ್ನ ಅದರ ಜಾಗಾದಾಗ ಇಟ್ಟು, ಸರಿಯಾಗಿ ಕುಂತೈತೋ ಇಲ್ಲೋ ಅಂತ ಬೆರಳಿಲೆ ಒತ್ತಿ ನೋಡಿ, ಹಾಲೇಶಪ್ಪನ ಕಡಿ ತಿರುಗಿದ.

“ಫೋನಿಗೆ ಏನರ ಆಗಿತ್ತೇನೋ ಹಾಲೇಶಿ?”

ಹೇಳಬೇಕಾದ ಮಾತು ಅಲ್ಲೇ ಇತ್ತು, ನಾಲಿಗಿ ತುದ್ಯಾಗ. ಹೌದು ಚಾಚಾ, ತಪ್ಪು ನಂದು, ಈಗ ಬೂತಿಗೆ ಹೋಗಿ ಬ್ಯಾಡಗಿಗೆ ಸುದ್ದಿ ಮುಟ್ಟಸೂಣು. ಇಷ್ಟ ಅಂದಿದ್ರ ಎಲ್ಲಾ ಅಲ್ಲೇ ಮುಗೀತಿತ್ತು. ಆದ್ರ ಅಂದ್ರ ಆ ತಂತಿ ತುಂಡು ಹೊರಗ ಬರ್ತಿತ್ತು. ಬೆಂಗಳೂರಿನವರನ್ನ ಮೀರಿಸಿದಾಂವ ಅಂತ ಬಂದ ಹೆಸರು ಹೋಗ್ತಿತ್ತು, ಆ ತಿಂಗಳು ಕಾಯಂ ಆಗೂ ನೌಕರಿನೂ ಹೋಗ್ತಿತ್ತೋ ಏನೋ. ಹಾಲೇಶಪ್ಪ ಗವಸಿನ ಝಾಲರು ಸರಿ ಮಾಡ್ಕೋತ, “ಇಲ್ಲ ಚಾಚಾ, ಫೋನ್ ಚಲೋ ಐತಿ,” ಅಂದ.

ರಹಿಮಾನಸಾಬ ಗೋಣು ಆಡಿಸಿದ. ಹಂಗಾರ ಆಕಿ ಮಾಡಲಿಲ್ಲ ಅಂದ. ರೋಜಾ ಬಿಡೂ ಹೊತ್ತಾಗಿತ್ತು, ಟವೆಲ್ ಝಾಡಿಸಿಕೊಂಡು ಹೋದ.

ಮರುದಿನ ಮುಂಜಾನೆ ಎಲ್ಲಾರಿಗಿಂತ ಮೊದಲು ಬಂದು ಹಾಲೇಶಪ್ಪ ಆ ತಂತಿ ಕಿತ್ತು ಒಗದು, ಹಳೇದನ್ನ ತಿರುಗಿ ಬೆಸೆದ. ಪುಸ್ತಕ ಯಾವಾಗೋ ಬಂದು ಕಪಾಟಿನ್ಯಾಗ ಬಿದ್ದಿತ್ತು. ಅದನ್ನ ನೋಡಿ, ಪಿನ್ನು ಎತ್ತಿ ಹಿಡಿಯೂ ಸಾಲು ಒಂದು, ಬೀಳಿಸೂ ಸಾಲು ಒಂದು ಬರದ. ಪೂರಾ ಅರ್ಧ ತಾಸು ಹಿಡೀಲಿಲ್ಲ. ಅದನ್ನ ನೋಡಿ ಅಂವಗ ತನ್ನ ಕಪಾಳಕ್ಕ ತಾನ ಹೊಡಕೋಬೇಕು ಅನ್ನಿಸಿತು.

ಹಬ್ಬ ಆತು. ಮಗಳು ಬರಲಿಲ್ಲ. ಹಬ್ಬದ ಮರುವಾರ ಚಾಂದಸಾಬ ರಹಿಮಾನಸಾಬನ ಮನಿಗೆ ಮಗಳ ಮತ್ತೊಂದು ಮಾತು ತಂದ. ಎರಡು ತಾಸಿನ್ಯಾಗ ಹದಿನಾಲ್ಕು ಸಲ ಹಚ್ಚಿದೆ, ಹದಿನಾಲ್ಕೂ ಸಲ ಎಂಗೇಜು. ಅಬ್ಬಾ ಫೋನ್ ಮಲಗಿಸ್ಯಾರ ಅಂತ ತಿಳೀತು, ಇನ್ನ ಕಾಡೂದಿಲ್ಲ ಅಂತ ಹೇಳ್ರಿ.

ಬ್ಯಾರೆ ಯಾರರ ಆಗಿದ್ರ ಲೈನ್ ಕೆಟ್ಟಿರಬೇಕು ಅಂತಿದ್ರು, ಮರುದಿನ ಮತ್ತ ಹಚ್ಚಿ ನೋಡ್ತಿದ್ರು. ಆ ಮನ್ಯಾಗ ಬೆಳದಾಕಿಗೆ ಆ ಆಫೀಸಿನ ಎಂಗೇಜಿನ ಅರ್ಥ ಒಂದ. ಕುಲ್ಸುಮಬಿಗೂ ಅದ ಅರ್ಥ. ನೀ ಕಲತ ವಿದ್ಯಾನ ಮಗಳ ಮ್ಯಾಲೆ ತೋರಿಸಿದಿ ಅಂತ ಆಕಿ ಗಂಡನ ಜೋಡಿ ಮಾತು ಬಿಟ್ಲು. ಮುಂದ ಅನ್ನ ಇಡಾಕಿ, ಮಾರಿ ನೋಡ್ತಿದ್ದಿಲ್ಲ. ರೋಜಾದ ಆಣಿ ಮಾಡಿ ಹೇಳಿದ್ರೂ ನಂಬಲಿಲ್ಲ.

ರಹಿಮಾನಸಾಬ ಇನ್ನೊಮ್ಮೆ ಹಾಲೇಶಪ್ಪನ ಮೇಜಿನ ಮುಂದ ಬಂದು ನಿಂತ. ಈ ಸಲ ಬಾಗಿಲ ಮುಂದ ಮಾಡಿ ಬಂದಿದ್ದ.

“ನೀ ಕಂಡೀದಿ. ನಾ ರಿಸೀವರ್ ಮುಟ್ಟಿದ್ದಿಲ್ಲ. ಒಮ್ಮೆ ಮನಿಗೆ ಬಂದು ನಿಮ್ಮ ಚಾಚಿ ಮುಂದ ಅಷ್ಟ ಹೇಳಪ್ಪ. ಕಂಪ್ಯೂಟರ್ ಬಲ್ಲಂವ ನೀನು, ನಿನ್ನ ಮಾತು ನಂಬ್ತಾಳ.”

ಎಕ್ಸ್‌ಚೇಂಜಿನ್ಯಾಗ ಏನರ ಆಗಿರಬೇಕು ಅಂತ ಹಾಲೇಶಪ್ಪ ತೊದಲಿದ. ನಾಳೆ ಬರ್ತೇನಿ ಚಾಚಾ ಅಂದ. ಮುಟ್ಟಿದ್ದಿಲ್ಲ ಅಂದ್ರ, ಮತ್ತ ಎಂಗೇಜ್ ಹೆಂಗ ಬಂತು ಅಂತ ಚಾಚಿ ಕೇಳ್ತಾಳ. ಅದಕ್ಕ ಉತ್ತರ ಕೊಡಬೇಕಾಗ್ತದ. ಆ ನಾಳೆ ಬರಲಿಲ್ಲ. ರಹಿಮಾನಸಾಬ ಎರಡು ಸಲ ನೆನಪು ಮಾಡಿದ, ಮೂರನೇ ಸಲ ಕೇಳಲಿಲ್ಲ. ಆದ್ರೂ ಚಾ ತಂದು ಇಡೂವಾಗ ಮೊದಲಿನಂಗ ಸಕ್ರಿ ಜಾಸ್ತಿ ಹಾಕಿಸಿ ತರ್ತಿದ್ದ. ಆ ಚಾ ಕುಡಿಯೂದ ಹಾಲೇಶಪ್ಪಗ ದೊಡ್ಡ ಶಿಕ್ಷಾ ಆತು.

ಒಂದ ಸಲ ರಹಿಮಾನಸಾಬ ತಾನ ಬ್ಯಾಡಗಿ ಬಸ್ ಹತ್ತಿ ಹೋದ. ಮೆಣಸಿನಕಾಯಿ ಸುಗ್ಗಿ, ಊರ ತುಂಬ ಘಾಟು. ಮಕ್ತುಮಸಾಬನ ಅಂಗಡಿಯ ಓಣಿ ತನಕ ಹೋಗಿ, ಅಲ್ಲಿಂದ ತಿರುಗಿ ಬಂದ. ಸುಳ್ಳ ಹೇಳಾಕ ಬಂದಾರ ಅಂತ ಆಕಿ ಅಂದ್ರ ತಡಕೊಳ್ಳೂದು ಆಗೂದಿಲ್ಲೋ, ಬರೇ ಕೆಮ್ಮಿ ಬಂದೆ ಅಂತ ಹಾಲೇಶಪ್ಪನ ಮುಂದ ಹೇಳಿ ನಕ್ಕ. ಕಣ್ಣಾಗ ನೀರಿತ್ತು, ಘಾಟಿಗೆ ಅಂದ. ಆಗೂ ಹಾಲೇಶಪ್ಪ ಬಾಯಿ ಬಿಡಲಿಲ್ಲ. ಛೇ, ಎಂಥಾ ಮನಶ್ಯಾ ಅಂತೀರಿ? ಅಂವನೂ ತನಗ ಅದನ್ನ ಅಂದುಕೊಳ್ತಿದ್ದ, ಅಂದುಕೊಂಡು ಸುಮ್ಮನಾಗ್ತಿದ್ದ.

ಹಿಂಗ ಮೂರು ವರ್ಷ ಮ್ಯಾಲಾತು. ಹಾವೇರಿ ಜಿಲ್ಲಾ ಆತು, ಹಾಲೇಶಪ್ಪ ಬೀಜದ ಕಂಪನಿ ಬಿಟ್ಟು ಹಾವೇರಿಯೊಳಗ ಕಂಪ್ಯೂಟರ್ ಕಲಸೂ ಕ್ಲಾಸ್ ತೆಗೆದ. ಒಂದು ದಿನ ಬಸ್‌ಸ್ಟ್ಯಾಂಡಿನ್ಯಾಗ ಚಾಂದಸಾಬ ಸಿಕ್ಕು ಹೇಳಿದ: ರಹಿಮಾನಸಾಬಗ ಲಕ್ವಾ ಹೊಡದದ, ಇಲ್ಲೇ ಹಾವೇರಿ ದವಾಖಾನ್ಯಾಗ ಹಾಕ್ಯಾರ, ಬಲಗೈ ಹೋಗ್ಯಾದ, ಮಾತು ಹೋಗ್ಯಾದ.

ಹಾಲೇಶಪ್ಪ ದವಾಖಾನಿಗೆ ಹೋಗಲಿಲ್ಲ. ಅಲ್ಲೇ ನಿಂತಿದ್ದ ಬ್ಯಾಡಗಿ ಬಸ್ ಹತ್ತಿದ.

ಮಕ್ತುಮಸಾಬನ ಅಂಗಡಿ ಹಿಂದ ಮನಿ. ಮಹಮೂದಾಬೇಗಂ ಬಾಗಿಲದಾಗ ನಿಂತು ಕೇಳಿದ್ಲು, ಅಂವ ಅಂಗಳದಾಗ ನಿಂತು ದವಾಖಾನಿ ಸುದ್ದಿನೂ ತನ್ನ ತಪ್ಪನ್ನೂ ಹೇಳಿದ. ಇಪ್ಪತ್ತನೇ ಪಿನ್ನು ಅಂದ್ರ ಆಕಿಗೆ ತಿಳೀಲಿಲ್ಲ, ಮೋಟರಿನ ತಂತಿ ಬಲ್ಲ ಮಕ್ತುಮಸಾಬಗ ತಿಳೀತು, ಅಂವ ಹೆಂಡತಿಗೆ ಬಿಡಿಸಿ ಹೇಳಿದ. ಸ್ಟೂಲು, ಮೊಣಕಾಲ ಮ್ಯಾಲಿನ ಕೈ, ಟವೆಲ್ ಮ್ಯಾಲಿನ ನಮಾಜು, ಗಂಟಿ ‘ಟಿಣ್’ ಅಂದದ್ದು, ಯಾವುದನ್ನೂ ಹಾಲೇಶಪ್ಪ ಮುಚ್ಚಿಡಲಿಲ್ಲ. ಮೂರು ವರ್ಷ ಗಂಟಲದಾಗ ಕುಂತದ್ದು ಹತ್ತು ನಿಮಿಷದಾಗ ಹೊರಗ ಬಂತು. ಆಕಿ ಬೈಲಿಲ್ಲ. ಕೂಸಿಗೆ ಚಪ್ಪಲಿ ಹಾಕಿ, ನಡೀರಿ ಅಂದ್ಲು.

ದವಾಖಾನ್ಯಾಗ ಕುಲ್ಸುಮಬಿ ಗಂಡನ ಕಾಲ ಕಡಿ ಕುಂತಿದ್ಲು. ಮಗಳು ಮಂಚದ ಮ್ಯಾಲೆ ಬಗ್ಗಿ, ಅಬ್ಬಾ, ನೀವು ಮಲಗಿಸಿದ್ದಿಲ್ಲ ಅಂತ ನನಗ ಗೊತ್ತಾತು ಅಂದ್ಲು. ತಾಯಿಗೂ ಹೇಳಿದ್ಲು. ಕುಲ್ಸುಮಬಿ ಸೆರಗು ಬಾಯಿಗೆ ಒತ್ತಿಕೊಂಡು ಗಂಡನ ಪಾದ ಹಿಡಕೊಂಡ್ಲು. ರಹಿಮಾನಸಾಬ ಮಗಳನ್ನ ನೋಡಿದ, ಮೊಮ್ಮಗಳನ್ನ ನೋಡಿದ, ಬಾಯಿ ತೆಗೆದ. ಉಸಿರು ಬಂತು, ಅಕ್ಷರ ಬರಲಿಲ್ಲ. ಮತ್ತ ತೆಗೆದ, ಮತ್ತ ಬರಲಿಲ್ಲ. ಸಾಕು ಬಿಡ್ರಿ ಅಬ್ಬಾ ಅಂತ ಆಕಿ ಅಂವನ ಗಡ್ಡ ಸವರಿದ್ಲು.

ಹಾಲೇಶಪ್ಪ ಹೊರಗ ಪಡಸಾಲ್ಯಾಗ ಗ್ವಾಡಿಗೆ ಆನಿಕೊಂಡು ನಿಂತಿದ್ದ. ಹೋಗಲೂ ಧೈರ್ಯ ಇಲ್ಲ, ಇರಲೂ ಮಾರಿ ಇಲ್ಲ. ಒಂದು ತಾಸಿನ ಮ್ಯಾಲೆ ಮಹಮೂದಾಬೇಗಂ ಹೊರಗ ಬಂದ್ಲು. ಇನ್ನ ಮಾತು ಬರೂದು ಕಠಿಣ ಅಂತ ಡಾಕ್ಟರ್ ಹೇಳಿದ್ರಂತ.

“ಅಣ್ಣಾರ, ಅವತ್ತು ಅಬ್ಬಾ ಫೋನ್ ಎತ್ತಿ ನನ್ನ ಹೆಸರು ಅಂದ್ರು ಅಂತ ಹೇಳಿದ್ರೆಲ್ಲ. ನೀವೊಬ್ರ ಕೇಳೀರಿ. ಹೆಂಗ ಅಂದ್ರು, ಒಮ್ಮೆ ಅಂದು ತೋರಸ್ರಿ.”

ಹಾಲೇಶಪ್ಪ ಕಣ್ಣು ಮುಚ್ಚಿಕೊಂಡ. ಉರುಳಿದ ಸ್ಟೂಲು ಕಂಡಿತು, ಎರಡೂ ಕೈಲೆ ಒತ್ತಿಹಿಡಿದ ರಿಸೀವರ್ ಕಂಡಿತು.

“ಹಲೋ… ಮುನ್ನಿ?” ಅಂದ.

ಆಕಿ ಕಿವಿಗೊಟ್ಟು ಕೇಳಿದ್ಲು, ತಲಿ ಅಲ್ಲಾಡಿಸಿದ್ಲು. ಹಂಗಲ್ಲ, ಅಬ್ಬಾ ಕಡೀ ಅಕ್ಷರ ಎಳೀತಾರ ಅಂದ್ಲು. ಅಂವ ಇನ್ನೊಮ್ಮೆ ಎಳದು ಅಂದ. ಅದೂ ಹಂಗಿರಲಿಲ್ಲ. ಮೂರನೇ ಸಲ ಅನ್ನಾಕ ಹೋದಾಗ ಅಂವನ ದನಿ ಒಡೀತು.

“ಬಿಡ್ರಿ ಅಣ್ಣಾರ,” ಅಂದ್ಲು ಆಕಿ. ಒಳಗಿಂದ ಕೂಸು ಕರೀತು, ತಿರುಗಿ ಹೋದ್ಲು.